ಕೊಳವೆ, ನೀರು, ಒಂದು ಸ್ಕೇಲು: ಶಬ್ದದ ವೇಗ ಅಳೆಯುವ ಬಗೆ

ಪ್ರಥಮ ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡವರು ಒಮ್ಮೆಯಾದರೂ ಕೈಯಾಡಿಸಿರುವ ಪ್ರಯೋಗ ಇದು. ಲ್ಯಾಬಿನ ಒಂದು ಮೂಲೆಯಲ್ಲಿ ಒಂದು ಮೀಟರ್ ಉದ್ದದ ಕೊಳವೆ ನೆಟ್ಟಗೆ ನಿಂತಿರುತ್ತದೆ. ಅದಕ್ಕೆ ರಬ್ಬರ್ ಪೈಪಿನಲ್ಲಿ ಜೋಡಿಸಿದ ನೀರಿನ ಡಬ್ಬಿ, ಪಕ್ಕದ ಮರದ ಪೆಟ್ಟಿಗೆಯಲ್ಲಿ ಸಾಲಾಗಿ ಶ್ರುತಿಕವೆಗಳು, ಅಂದರೆ ಬಡಿದರೆ ಒಂದೇ ಸ್ವರ ಹೊರಡಿಸುವ ಎರಡು ಕವಲಿನ ಲೋಹದ ಕವೆಗಳು. ಕವೆ ಬಡಿದು ಕೊಳವೆಯ ಬಾಯಿಗೆ ಹಿಡಿಯಬೇಕು, ಡಬ್ಬಿ ಇಳಿಸುತ್ತಾ ನೀರಿನ ಮಟ್ಟ ಇಳಿಸಬೇಕು, ಸದ್ದು ಥಟ್ಟನೆ ಜೋರಾದ ಕಡೆ ನಿಲ್ಲಿಸಿ ರೀಡಿಂಗ್ ಬರೆದುಕೊಳ್ಳಬೇಕು, ಸೂತ್ರಕ್ಕೆ ಹಾಕಿ ಉತ್ತರ ತೆಗೆಯಬೇಕು. ಅರ್ಧ ಗಂಟೆಯ ಕೆಲಸ. ಮೈಸೂರಿನಲ್ಲಿ ಇದನ್ನು ಹೇಳಿಕೊಡುತ್ತಾ ಬಂದವನಾಗಿ ಒಂದು ಮಾತು ಹೇಳಬೇಕೆನಿಸುತ್ತದೆ. ಇಡೀ ಸಿಲಬಸ್‌ನಲ್ಲಿ ಇಷ್ಟು ಚೆಂದದ ಪ್ರಯೋಗ ಇನ್ನೊಂದಿಲ್ಲ. ಆದರೂ ಮಾಡಿ ಮುಗಿಸಿದ ಹೆಚ್ಚಿನ ಮಕ್ಕಳಿಗೆ ತಾವು ಅಳೆದದ್ದು ಏನು, ಹೇಗೆ ಅಳೆದೆವು ಎಂಬುದು ತಿಳಿದಿರುವುದಿಲ್ಲ. ರೆಕಾರ್ಡ್ ಪುಸ್ತಕದಲ್ಲಿ 330 ಎಂದು ಬರೆದು ಸಹಿ ಹಾಕಿಸಿಕೊಂಡು ಹೋಗುತ್ತಾರೆ. ಆ 330ರ ವಿಷಯಕ್ಕೆ ಮುಂದೆ ಬರುತ್ತೇನೆ.

ಮೊದಲು ಕಷ್ಟ ಎಲ್ಲಿದೆ ನೋಡೋಣ. ವೇಗ ಎಂದರೆ ಕ್ರಮಿಸಿದ ದೂರವನ್ನು ಹಿಡಿದ ಕಾಲದಿಂದ ಭಾಗಿಸಿದ್ದು. ಹತ್ತು ಮೀಟರ್ ಉದ್ದದ ಕೋಣೆಯನ್ನು ಶಬ್ದ ಸೆಕೆಂಡಿನ ನೂರರಲ್ಲಿ ಮೂರು ಪಾಲಿನಷ್ಟು ಹೊತ್ತಿನಲ್ಲಿ ದಾಟುತ್ತದೆ. ಸ್ಟಾಪ್‌ವಾಚ್ ಒತ್ತುವ ನಮ್ಮ ಬೆರಳಿಗಾದರೋ ಒಂದು ಸದ್ದು ಕೇಳಿ ಅಲುಗಾಡಲು ಸೆಕೆಂಡಿನ ಐದನೇ ಒಂದು ಭಾಗವಾದರೂ ಬೇಕು. ಅಷ್ಟರಲ್ಲಿ ಶಬ್ದ ಎಪ್ಪತ್ತು ಮೀಟರ್ ಆಚೆ ಹೋಗಿರುತ್ತದೆ.

ಹಿಂದಿನವರು ಇದಕ್ಕೆ ಕಂಡುಕೊಂಡ ಉಪಾಯ ದೂರವನ್ನು ಹೆಚ್ಚಿಸುವುದು. ಇಂಗ್ಲೆಂಡಿನ ಅಪ್‌ಮಿನ್‌ಸ್ಟರ್ ಎಂಬ ಊರಿನ ಪಾದ್ರಿ ವಿಲಿಯಂ ಡರ್‌ಹ್ಯಾಮ್ ತನ್ನ ಚರ್ಚಿನ ಗೋಪುರ ಹತ್ತಿ, ದೂರದಲ್ಲಿ ಹಾರಿಸಿದ ಬಂದೂಕಿನ ಬೆಂಕಿಯನ್ನು ದೂರದರ್ಶಕದಲ್ಲಿ ನೋಡಿ, ಸದ್ದು ತಲುಪುವವರೆಗೆ ಲೋಲಕದ ಎಣಿಕೆ ಮಾಡುತ್ತಿದ್ದ. ಅವನ ಫಲಿತಾಂಶ ಪ್ರಕಟವಾದದ್ದು 1709ರಲ್ಲಿ. 1738ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯವರು ರಾತ್ರಿ ಹೊತ್ತು ಗುಡ್ಡಗಳ ಮೇಲಿಂದ ಫಿರಂಗಿ ಹಾರಿಸಿ ಅದೇ ಕೆಲಸ ಮಾಡಿದರು. ನಮ್ಮಲ್ಲೂ ಜಂಬೂ ಸವಾರಿಯ ದಿನ ಅರಮನೆಯ ಬಳಿ 21 ಕುಶಾಲತೋಪು ಹಾರಿಸುತ್ತಾರಲ್ಲ, ಒಂದು ಕಿಲೋಮೀಟರ್ ದೂರದ ಮಹಡಿಯ ಮೇಲೆ ನಿಂತವರಿಗೆ ಬೆಂಕಿ ಕಂಡು ಸುಮಾರು ಮೂರು ಸೆಕೆಂಡಿನ ಮೇಲೆ ಸದ್ದು ಕೇಳಬೇಕು. ಅಷ್ಟು ಹೊತ್ತನ್ನು ಕೈಯಲ್ಲಿ ಅಳೆಯಬಹುದು. ಆದರೆ ಬೆರಳಿನ ತಡದಿಂದ ಉತ್ತರ ಇಪ್ಪತ್ತು ಮೀಟರ್‌ನಷ್ಟು ಅತ್ತಿತ್ತ ಹೋಗುತ್ತದೆ. ಗಾಳಿ ಬೀಸಿದರೆ ಅದರ ವೇಗವೂ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಫಿರಂಗಿಯಂತೂ ಕಾಲೇಜಿಗೆ ಸಿಗುವ ವಸ್ತುವಲ್ಲ.

ಲ್ಯಾಬಿನ ಕೊಳವೆಯಲ್ಲಿ ಸ್ಟಾಪ್‌ವಾಚ್ ಇಲ್ಲ, ದೂರ ಒಂದು ಮೀಟರನ್ನೂ ಮೀರುವುದಿಲ್ಲ. ಹಾಗಾದರೆ ಕಾಲವನ್ನು ಅಳೆಯುತ್ತಿರುವವರು ಯಾರು? ಶ್ರುತಿಕವೆ. ಅದರ ಬುಡದಲ್ಲಿ 512 ಎಂದು ಕೆತ್ತಿದ್ದರೆ, ಅದರ ಕವಲುಗಳು ಸೆಕೆಂಡಿಗೆ 512 ಬಾರಿ ಹೋಗಿ ಬರುತ್ತವೆ ಎಂದರ್ಥ. ಈ ಎಣಿಕೆಗೆ ಆವೃತ್ತಿ ಎಂದು ಹೆಸರು. ಮೆಲ್ಲಗೆ ಬಡಿದರೂ ಜೋರಾಗಿ ಬಡಿದರೂ ಸದ್ದಿನ ಗಾತ್ರ ಬದಲಾಗುತ್ತದೆಯೇ ಹೊರತು ಆ ಎಣಿಕೆ ಬದಲಾಗುವುದಿಲ್ಲ. ಸೆಕೆಂಡನ್ನು 512 ಸಮ ತುಂಡು ಮಾಡಿ ಕೊಡುವ ಗಡಿಯಾರ ನಿಮ್ಮ ಕೈಯಲ್ಲೇ ಇದೆ. ಅದನ್ನು ಓದುವುದು ಹೇಗೆಂಬುದಷ್ಟೇ ಉಳಿದ ಪ್ರಶ್ನೆ, ಅನುರಣನದ ಕೆಲಸ ಶುರುವಾಗುವುದು ಇಲ್ಲಿಂದ.

ನಲ್ಲಿಯ ಕೆಳಗೆ ಕೊಡಪಾನ ಇಟ್ಟು ಒಳಗೆ ಹೋದವರು ಸದ್ದು ಕೇಳಿಯೇ ಕೊಡ ತುಂಬುತ್ತಾ ಬಂತೆಂದು ಓಡಿ ಬರುತ್ತಾರೆ. ನೀರು ಏರಿದಷ್ಟೂ ಒಳಗಿನ ಗಾಳಿಯ ಜಾಗ ಕಿರಿದಾಗಿ, ಅದರ ಸ್ವರ ಮೇಲೇರುತ್ತದೆ. ಕೊಳವೆಯ ಗಾಳಿಗೂ ಹೀಗೆ ತನ್ನದೇ ಸ್ವರಗಳಿವೆ, ಆ ಸ್ವರಗಳನ್ನು ಉದ್ದ ನಿರ್ಧರಿಸುತ್ತದೆ. ಕೊಳವೆಯ ಸ್ವರವೂ ಕವೆಯ ಸ್ವರವೂ ಒಂದಾದ ಮಟ್ಟದಲ್ಲಿ ಸದ್ದು ಹಲವು ಪಟ್ಟು ಜೋರಾಗುತ್ತದೆ. ಇದೇ ಅನುರಣನ.

ಯಾಕೆ ಜೋರಾಗುತ್ತದೆ ಎಂಬುದನ್ನು ನಿಧಾನವಾಗಿ ನೋಡುವುದು ಒಳ್ಳೆಯದು. ಪಠ್ಯಪುಸ್ತಕದ ಚಿತ್ರದಲ್ಲಿ ಕೊಳವೆಯೊಳಗೆ ಬಾಗಿದ ಗೆರೆ ಎಳೆದಿರುತ್ತಾರೆ. ಅದನ್ನು ನೋಡಿದ ಮಕ್ಕಳು ಶಬ್ದ ಹಾವಿನಂತೆ ಹೊರಳುತ್ತಾ ಹೋಗುತ್ತದೆಂದು ತಿಳಿದುಬಿಡುತ್ತಾರೆ. ನಿಜದಲ್ಲಿ ಕೊಳವೆಯೊಳಗೆ ನಡೆಯುವುದು ಬರೀ ಒತ್ತು ಮತ್ತು ಸಡಿಲಿಕೆ. ಕವೆಯ ಕವಲು ಕೆಳಗೆ ಬಂದಾಗ ಬಾಯಲ್ಲಿರುವ ಗಾಳಿಯನ್ನು ಒತ್ತುತ್ತದೆ. ಆ ಒತ್ತು ಕೆಳಗಿಳಿದು ನೀರಿಗೆ ತಾಗುತ್ತದೆ. ನೀರು ಜಗ್ಗುವುದಿಲ್ಲ, ಹಾಗಾಗಿ ಒತ್ತು ಒತ್ತಾಗಿಯೇ ಹಿಂತಿರುಗುತ್ತದೆ. ಮೇಲೆ ಬಂದು ಬಾಯಿ ಮುಟ್ಟಿದಾಗ ಅಲ್ಲಿ ತಡೆಯುವವರು ಯಾರೂ ಇಲ್ಲ. ಒತ್ತಿಕೊಂಡಿದ್ದ ಗಾಳಿ ಹೊರಗೆ ಚೆಲ್ಲಿಹೋಗುತ್ತದೆ, ಆ ರಭಸದಲ್ಲಿ ಬಾಯಲ್ಲಿ ಗಾಳಿ ವಿರಳವಾಗುತ್ತದೆ. ಈಗ ಕೊಳವೆಯೊಳಗೆ ಕೆಳಗಿಳಿಯುವುದು ಈ ಸಡಿಲಿಕೆ. ಸರಿಯಾಗಿ ಇದೇ ಗಳಿಗೆಯಲ್ಲಿ ಕವಲು ಮೇಲಕ್ಕೆ ಹಿಮ್ಮೆಟ್ಟುತ್ತಿದ್ದರೆ, ಅದು ತಾನೂ ಗಾಳಿಯನ್ನು ಸಡಿಲಿಸುತ್ತಿರುತ್ತದೆ. ಎರಡೂ ಕೂಡಿಕೊಳ್ಳುತ್ತವೆ. ಪ್ರತಿ ಸುತ್ತಿನಲ್ಲೂ ಹೀಗೆ ಕೂಡುತ್ತಾ ಹೋದದ್ದರಿಂದಲೇ ಸದ್ದು ಬೆಳೆಯುತ್ತದೆ.

ಕವಲು ಕೆಳಗೆ ಬಂದದ್ದರಿಂದ ಮೇಲೆ ಹಿಮ್ಮೆಟ್ಟುವುದಕ್ಕೆ ಬೇಕಾದದ್ದು ಅರ್ಧ ಕಂಪನದ ಅವಧಿ. ಹಾಗಾಗಿ ಶಬ್ದ ಕೆಳಗಿಳಿದು ವಾಪಸು ಬರಲು ಅರ್ಧ ಅವಧಿ ಹಿಡಿಯುವಷ್ಟು ಕೊಳವೆ ಉದ್ದವಿದ್ದರೆ ಮೊದಲ ಅನುರಣನ. ಒಂದು ಪೂರ್ತಿ ಅವಧಿಯಲ್ಲಿ ಶಬ್ದ ಸಾಗುವ ದೂರಕ್ಕೆ ತರಂಗದೂರ ಎನ್ನುತ್ತಾರೆ, ಅರ್ಧ ಅವಧಿಯಲ್ಲಿ ಸಾಗುವುದು ಅರ್ಧ ತರಂಗದೂರ. ಹೋಗಿ ಬರುವುದಕ್ಕೆ ಅಷ್ಟಾದರೆ, ಕೊಳವೆಯ ಉದ್ದ ಅದರ ಅರ್ಧ, ಅಂದರೆ ಕಾಲು ತರಂಗದೂರ. ಮಕ್ಕಳು ಬಾಯಿಪಾಠ ಮಾಡುವ ‘ಕಾಲು ತರಂಗದೂರ’ ಹುಟ್ಟುವುದು ಹೀಗೆ. ನೀರನ್ನು ಇನ್ನೂ ಇಳಿಸಿ, ಹೋಗಿ ಬರುವುದಕ್ಕೆ ಪೂರ್ತಿ ಒಂದು ಅವಧಿ ಹಿಡಿಯುವಂತೆ ಮಾಡಿದರೆ ಸಡಿಲಿಕೆ ಮತ್ತು ಕವಲಿನ ಒತ್ತು ಎದುರುಬದುರಾಗಿ ಸದ್ದು ಅಡಗುತ್ತದೆ. ಒಂದೂವರೆ ಅವಧಿಗೆ ಬಂದಾಗ ಮತ್ತೆ ಹೊಂದಿಕೊಂಡು ಎರಡನೇ ಅನುರಣನ ಕೇಳುತ್ತದೆ. ಆಗ ಕೊಳವೆಯ ಉದ್ದ ಮುಕ್ಕಾಲು ತರಂಗದೂರ.

ಅರ್ಧ ಅವಧಿಯಿಂದ ಒಂದೂವರೆಗೆ ಹೋದಾಗ ಹೆಚ್ಚಾದದ್ದು ಸರಿಯಾಗಿ ಒಂದು ಅವಧಿ. 512ರ ಕವೆಯಾದರೆ ಅದು ಸೆಕೆಂಡಿನ 512ನೇ ಒಂದು ಭಾಗ. ಅಷ್ಟು ಹೊತ್ತಿನಲ್ಲಿ ಶಬ್ದ ಹೆಚ್ಚಾಗಿ ಓಡಿದ ದೂರ ಎರಡು ನೀರಿನ ಮಟ್ಟಗಳ ನಡುವಿನ ಅಂತರದ ಎರಡರಷ್ಟು, ಒಮ್ಮೆ ಇಳಿಯುವುದಕ್ಕೆ, ಒಮ್ಮೆ ಏರುವುದಕ್ಕೆ. ದೂರವೂ ಕಾಲವೂ ಕೈಗೆ ಬಂದವು. ‘ವೇಗ = 2 × ಆವೃತ್ತಿ × (ಎರಡನೇ ಉದ್ದ − ಮೊದಲನೇ ಉದ್ದ)’ ಎಂಬ ಸೂತ್ರ ಹೇಳುವುದು ದೂರವನ್ನು ಕಾಲದಿಂದ ಭಾಗಿಸು ಎಂಬುದನ್ನೇ. ಇದೊಂದನ್ನು ತಿಳಿದುಕೊಂಡ ಹುಡುಗನಿಗೆ ಸೂತ್ರ ಮರೆತುಹೋದರೂ ಚಿಂತೆಯಿಲ್ಲ, ಪರೀಕ್ಷೆಯ ಕೋಣೆಯಲ್ಲಿ ತಾನೇ ಕಟ್ಟಿಕೊಳ್ಳುತ್ತಾನೆ.

ಒಂದೇ ಅನುರಣನ ಸಾಲದೆ, ಎರಡು ಯಾಕೆ ಬೇಕು ಎಂದು ಮಕ್ಕಳು ಕೇಳುವುದುಂಟು. ಕೇಳಬೇಕಾದ ಪ್ರಶ್ನೆಯೇ. ಕೊಳವೆಯ ಗಾಳಿ ಬಾಯಂಚಿಗೆ ಬಂದು ಗಕ್ಕನೆ ನಿಲ್ಲುವುದಿಲ್ಲ. ಅದರ ಜೊತೆ ಹೊರಗಿನ ಸ್ವಲ್ಪ ಗಾಳಿಯೂ ಹೋಗಿ ಬರುತ್ತಿರುತ್ತದೆ. ಶಬ್ದದ ಪಾಲಿಗೆ ಕೊಳವೆ ನಮ್ಮ ಸ್ಕೇಲು ಹೇಳುವುದಕ್ಕಿಂತ ತುಸು ಉದ್ದ. ಆ ಹೆಚ್ಚುವರಿ ಉದ್ದ ಕೊಳವೆಯ ತ್ರಿಜ್ಯದ ಸುಮಾರು 0.6ರಷ್ಟು. 1948ರಲ್ಲಿ ಲೆವಿನ್ ಮತ್ತು ಶ್ವಿಂಗರ್ ಇದನ್ನು ಗಣಿತದಿಂದ ಲೆಕ್ಕ ಹಾಕಿ 0.61 ಎಂದು ತೋರಿಸಿದರು. ಬಾಯಿ ತೆರೆದ ಕೊಳವೆಯ ಇಷ್ಟು ಸರಳ ಪ್ರಶ್ನೆಗೆ ಪೂರ್ತಿ ಉತ್ತರ ಸಿಗಲು ಇಪ್ಪತ್ತನೇ ಶತಮಾನದ ನಡುವಿನವರೆಗೆ ಕಾಯಬೇಕಾಯಿತು. ಆ ಲೆಕ್ಕ ಗೊತ್ತಿಲ್ಲದಿದ್ದರೂ ನಮ್ಮ ಕೆಲಸ ನಿಲ್ಲುವುದಿಲ್ಲ. ಮೊದಲ ರೀಡಿಂಗ್‌ನಲ್ಲಿ ಎಷ್ಟು ಕೊರತೆ ಇದೆಯೋ ಎರಡನೆಯದರಲ್ಲೂ ಅಷ್ಟೇ ಇದೆ. ಒಂದರಿಂದ ಒಂದನ್ನು ಕಳೆದಾಗ ಎರಡೂ ಹೊರಟುಹೋಗುತ್ತವೆ.

ಈಗ ಅಂಕಿಗಳಿಗೆ ಬರೋಣ. ಕೊಳವೆಯ ಒಳವ್ಯಾಸ 4 ಸೆಂಟಿಮೀಟರ್, ಕವೆ 512, ಗಾಳಿಯ ತಾಪ 26 ಡಿಗ್ರಿ. ಮೊದಲ ಅನುರಣನ 15.7 ಸೆಂಟಿಮೀಟರಿಗೆ, ಎರಡನೆಯದು 49.6ಕ್ಕೆ ಕೇಳಿತು ಎಂದಿಟ್ಟುಕೊಳ್ಳಿ. ಅಂತರ 33.9. ಎರಡರಿಂದ ಗುಣಿಸಿದರೆ 67.8 ಸೆಂಟಿಮೀಟರ್, ಅದನ್ನು 512ರಿಂದ ಗುಣಿಸಿದರೆ ಸೆಕೆಂಡಿಗೆ 347 ಮೀಟರ್. ಎರಡನೇ ಉದ್ದದಿಂದ ಮೊದಲನೆಯದರ ಮೂರರಷ್ಟನ್ನು ಕಳೆದು ಅರ್ಧ ಮಾಡಿದರೆ ಬಾಯಿಯ ಹೆಚ್ಚುವರಿ ಉದ್ದವೂ ಸಿಗುತ್ತದೆ: 1.25 ಸೆಂಟಿಮೀಟರ್. ತ್ರಿಜ್ಯದ 0.6 ಎಂದರೆ 1.2, ಸರಿಹೋಯಿತು. ಎರಡನೇ ಅನುರಣನ ಹುಡುಕದೆ, ಬಾಯಿಯನ್ನು ಲೆಕ್ಕಕ್ಕೆ ಹಿಡಿಯದೆ, ಮೊದಲ ರೀಡಿಂಗ್ ಒಂದನ್ನೇ ನಾಲ್ಕರಿಂದಲೂ ಆವೃತ್ತಿಯಿಂದಲೂ ಗುಣಿಸಿದ್ದರೆ 321 ಬರುತ್ತಿತ್ತು. ಒಂದು ಸೆಂಟಿಮೀಟರಿನಷ್ಟು ಕೊರತೆ ವೇಗದಲ್ಲಿ 26 ಮೀಟರನ್ನು ನುಂಗಿಹಾಕುತ್ತದೆ.

ಲ್ಯಾಬಿನ ಕೆಲವು ಸಣ್ಣ ವಿಚಾರಗಳೂ ಇವೆ, ಉತ್ತರದ ಸರಿತಪ್ಪು ಇವುಗಳ ಮೇಲೆಯೇ ನಿಂತಿರುತ್ತದೆ. ಒಂದು ಮೀಟರ್ ಕೊಳವೆಗೆ 256ರ ಕವೆ ತೆಗೆದುಕೊಳ್ಳಬೇಡಿ. ಅದರ ಎರಡನೇ ಅನುರಣನ ಒಂದು ಮೀಟರ್ ದಾಟಿದ ಮೇಲೆ ಬರುತ್ತದೆ, ಕೊಳವೆಯಲ್ಲಿ ಸಿಗುವುದೇ ಇಲ್ಲ. 480 ಅಥವಾ 512 ಒಳ್ಳೆಯದು, 512ಕ್ಕಾದರೆ 83 ಸೆಂಟಿಮೀಟರಿನ ಆಸುಪಾಸಿನಲ್ಲಿ ಮೂರನೆಯದೂ ಸಿಕ್ಕಿ ಮೊದಲೆರಡನ್ನು ತಾಳೆ ನೋಡಬಹುದು. ಕವೆಯನ್ನು ಟೇಬಲ್ಲಿನ ಅಂಚಿಗೆ ಬಡಿಯದೆ ರಬ್ಬರ್ ಪ್ಯಾಡಿಗೆ ಮೆಲ್ಲಗೆ ಬಡಿಯಿರಿ, ಇಲ್ಲದಿದ್ದರೆ ಬೇರೆ ಸ್ವರಗಳೂ ಎದ್ದು ಕಿವಿ ಗೊಂದಲಕ್ಕೆ ಬೀಳುತ್ತದೆ. ಕವಲುಗಳು ಕೊಳವೆಯ ಬಾಯಿಗೆ ತಾಗಬಾರದು, ಒಂದರ ಕೆಳಗೊಂದು ಬರುವಂತೆ ಹಿಡಿದಿರಬೇಕು. ನೀರು ಇಳಿಯುವಾಗ ಒಮ್ಮೆ, ಏರುವಾಗ ಒಮ್ಮೆ ಮಟ್ಟ ಗುರುತಿಸಿ ಸರಾಸರಿ ತೆಗೆಯಿರಿ. ಫ್ಯಾನ್ ಆರಿಸಿ. ಪಕ್ಕದ ಬೆಂಚಿನವರೂ ಅದೇ ಪ್ರಯೋಗ ಮಾಡುತ್ತಿದ್ದರೆ ಸರದಿಯ ಮೇಲೆ ಮಾಡುವುದೇ ಲೇಸು.

ಇನ್ನು 330. ಪುಸ್ತಕಗಳಲ್ಲಿ ಶಬ್ದದ ವೇಗ 330 ಎಂದೋ 332 ಎಂದೋ ಇರುತ್ತದೆ, ಅದು ಸೊನ್ನೆ ಡಿಗ್ರಿಯ ಒಣಗಾಳಿಯ ಬೆಲೆ. ಹೆಚ್ಚು ನಿಖರವಾಗಿ 331.3. ಮೈಸೂರಿನ ಗಾಳಿ ಸೊನ್ನೆ ಡಿಗ್ರಿ ಮುಟ್ಟುವುದಿಲ್ಲ. ತಾಪ ಒಂದು ಡಿಗ್ರಿ ಏರಿದರೆ ವೇಗ 0.6 ಮೀಟರ್ ಏರುತ್ತದೆ, 26 ಡಿಗ್ರಿಯಲ್ಲಿ 347 ಬರಲೇಬೇಕು. ಆದರೆ ಎಷ್ಟೋ ಮಕ್ಕಳು 347 ಬಂದಾಗ ಹೆದರಿ, ಎಲ್ಲೋ ತಪ್ಪಾಯಿತೆಂದು ರೀಡಿಂಗ್‌ಗಳನ್ನು ತಿದ್ದಿ 330ಕ್ಕೆ ತಂದು ನಿಲ್ಲಿಸುತ್ತಾರೆ. ಇದು ನೋವಿನ ಸಂಗತಿ. ತಮ್ಮ ಕಿವಿಯಿಂದ, ತಮ್ಮ ಕೈಯಿಂದ ಸರಿಯಾಗಿ ಕಂಡುಕೊಂಡದ್ದನ್ನು ಅಳಿಸಿ, ಎಲ್ಲಿಯದೋ ಚಳಿಯ ಗಾಳಿಯ ಅಂಕಿ ಬರೆಯುತ್ತಾರೆ. 330 ಬರಬೇಕಾದರೆ ಎರಡು ಮಟ್ಟಗಳ ಅಂತರ 33.9ರ ಬದಲು 32.2 ಆಗಬೇಕು. ಒಂದೂವರೆ ಸೆಂಟಿಮೀಟರಿಗೂ ಹೆಚ್ಚು ವ್ಯತ್ಯಾಸ, ಅಷ್ಟು ದೊಡ್ಡ ತಪ್ಪನ್ನು ಈ ಕೊಳವೆ ಮಾಡುವುದಿಲ್ಲ. ಅಂತರದಲ್ಲಿ ಒಂದು ಮಿಲಿಮೀಟರ್ ಹೆಚ್ಚುಕಡಿಮೆಯಾದರೆ ವೇಗದಲ್ಲಿ ಒಂದು ಮೀಟರ್ ಅತ್ತಿತ್ತ, ಅಷ್ಟೇ. ಮಾಸ್ತರರು, ಮೇಡಂಗಳು ಈ ಪ್ರಯೋಗಕ್ಕೆ ಮುಂಚೆ ಒಂದು ಥರ್ಮಾಮೀಟರನ್ನು ಕೊಳವೆಯ ಬಾಯಲ್ಲಿ ಇಳಿಬಿಟ್ಟು ತಾಪ ಬರೆಸಿದರೆ ಸಾಕು, ಮಕ್ಕಳ ಅರ್ಧ ಭಯ ಹೋಗುತ್ತದೆ.

ಹೊಂದದ ಅಂಕಿಯನ್ನು ಹೊಂದಿಸುವ ಆಸೆ ದೊಡ್ಡವರನ್ನೂ ಬಿಟ್ಟಿಲ್ಲ. ಗಾಳಿಯ ಒತ್ತಡವನ್ನು ಸಾಂದ್ರತೆಯಿಂದ ಭಾಗಿಸಿ ವರ್ಗಮೂಲ ತೆಗೆದರೆ ಶಬ್ದದ ವೇಗ ಸಿಗುತ್ತದೆಂದು ನ್ಯೂಟನ್ 1687ರಲ್ಲೇ ತನ್ನ ‘ಪ್ರಿನ್ಸಿಪಿಯಾ’ ಪುಸ್ತಕದಲ್ಲಿ ತೋರಿಸಿದ್ದ. ಲೆಕ್ಕದಲ್ಲಿ ಬಂದದ್ದು ಸೆಕೆಂಡಿಗೆ 979 ಅಡಿ, ಅಳತೆಯಲ್ಲಿ 1142 ಅಡಿ. ಆ ಪುಸ್ತಕದ 1713ರ ಎರಡನೇ ಮುದ್ರಣದಲ್ಲಿ ಅವನು, ಗಾಳಿಯ ಗಟ್ಟಿ ಕಣಗಳ ಮೂಲಕ ಶಬ್ದ ಹೊತ್ತೇ ಹಿಡಿಯದೆ ದಾಟುತ್ತದೆ, ಗಾಳಿಯಲ್ಲಿರುವ ಆವಿ ಶಬ್ದದಲ್ಲಿ ಭಾಗವಹಿಸುವುದಿಲ್ಲ ಎಂದೆಲ್ಲ ಸೇರಿಸಿ ಸರಿಯಾಗಿ 1142ಕ್ಕೆ ತಂದು ಮುಟ್ಟಿಸಿದ. ನಿಜವಾದ ಕಾರಣ ಹೊರಬಂದದ್ದು 1816ರಲ್ಲಿ, ಫ್ರಾನ್ಸಿನ ಲಾಪ್ಲಾಸ್‌ನಿಂದ. ಗಾಳಿಯನ್ನು ಒತ್ತಿದಾಗ ಅದು ಬಿಸಿಯಾಗುತ್ತದೆ. ಸೈಕಲ್ ಪಂಪಿನ ಬುಡ ಮುಟ್ಟಿದವರಿಗೆ ಇದು ಗೊತ್ತು. ಶಬ್ದದಲ್ಲಿ ಒತ್ತು, ಸಡಿಲಿಕೆ ಎಷ್ಟು ಬೇಗ ನಡೆಯುತ್ತವೆಂದರೆ ಆ ಬಿಸಿಗೆ ಅಕ್ಕಪಕ್ಕ ಹರಿದುಹೋಗಲು ಪುರುಸೊತ್ತಿಲ್ಲ. ಬಿಸಿಯಾದ ಗಾಳಿ ಇನ್ನಷ್ಟು ಬಿಗಿಯಾಗಿ ತಿರುಗಿ ಒತ್ತುತ್ತದೆ, ಶಬ್ದ ಬೇಗ ಓಡುತ್ತದೆ. ಒತ್ತಡವನ್ನು 1.4ರಿಂದ ಗುಣಿಸಿದ ಮೇಲೆ ಲೆಕ್ಕವೂ ಅಳತೆಯೂ ಕೂಡಿದವು.

ಈ ಸೂತ್ರ ನೋಡಿದವರಿಗೆ ಒಂದು ಅನುಮಾನ ಬರಬೇಕು. ಮೈಸೂರು ಸಮುದ್ರಮಟ್ಟದಿಂದ 750 ಮೀಟರಿಗೂ ಮೇಲಿದೆ, ಮಂಗಳೂರಿಗೆ ಹೋಲಿಸಿದರೆ ಇಲ್ಲಿ ಗಾಳಿಯ ಒತ್ತಡ ಶೇಕಡ ಎಂಟರಷ್ಟು ಕಡಿಮೆ. ಇಲ್ಲಿ ಶಬ್ದ ನಿಧಾನವೇ? ಇಲ್ಲ. ಒತ್ತಡ ಕಡಿಮೆಯಾದಷ್ಟೇ ಪ್ರಮಾಣದಲ್ಲಿ ಸಾಂದ್ರತೆಯೂ ಕಡಿಮೆಯಾಗಿದೆ, ತಾಪ ಒಂದೇ ಆಗಿದ್ದರೆ ಭಾಗಲಬ್ಧ ಬದಲಾಗುವುದಿಲ್ಲ. ಒಂದು ಕಡೆಯ ಒತ್ತನ್ನು ಇನ್ನೊಂದು ಕಡೆಗೆ ಹೊತ್ತೊಯ್ಯುವುದು ಗಾಳಿಯ ಅಣುಗಳ ಓಡಾಟ. ಅವುಗಳ ಸರಾಸರಿ ವೇಗ ನಮ್ಮ ಕೋಣೆಯ ತಾಪದಲ್ಲಿ ಸೆಕೆಂಡಿಗೆ ಸುಮಾರು 470 ಮೀಟರ್, ಶಬ್ದ ಅದರ ಮುಕ್ಕಾಲು ಪಾಲಿನ ವೇಗದಲ್ಲಿ ಸಾಗುತ್ತದೆ. ಅಣುಗಳು ಎಷ್ಟಿವೆ ಎಂಬುದರಿಂದ ಅವುಗಳ ಓಟ ಬದಲಾಗುವುದಿಲ್ಲ, ತಾಪದಿಂದ ಬದಲಾಗುತ್ತದೆ. ತೇವಾಂಶದಿಂದಲೂ ಸ್ವಲ್ಪ ಬದಲಾವಣೆ ಇದೆ. ನೀರಾವಿಯ ಅಣು ಗಾಳಿಯ ಅಣುಗಳಿಗಿಂತ ಹಗುರ, ನೀರಿನ ಮೇಲೆಯೇ ನಿಂತಿರುವ ಕೊಳವೆಯ ಗಾಳಿ ತೇವದಿಂದ ತುಂಬಿದ್ದರೆ ವೇಗ ಎರಡು ಮೀಟರಿನಷ್ಟು ಹೆಚ್ಚು ಬರಬಹುದು. 347ರ ಬದಲು 349 ಬಂದರೆ ಅದನ್ನೂ ಹಾಗೇ ಬರೆಯಿರಿ.

ದಸರೆಯ ಕಛೇರಿಗಳಲ್ಲಿ ಕೊಳಲು ನುಡಿಸುವವರು ನುಡಿಸುವ ಮುಂಚೆ ಊದಿ ಕೊಳಲನ್ನು ಬೆಚ್ಚಗೆ ಮಾಡಿಕೊಳ್ಳುವುದರ ಹಿಂದೆಯೂ ಇದೇ ಕಾರಣ. ಉದ್ದ ಬದಲಾಗದ ಕೊಳವೆಯಲ್ಲಿ ಗಾಳಿ ಬಿಸಿಯಾದರೆ ಶ್ರುತಿ ಏರುತ್ತದೆ. ಹತ್ತು ಡಿಗ್ರಿ ಏರಿದರೆ ಆವೃತ್ತಿ ಶೇಕಡ 1.7ರಷ್ಟು ಹೆಚ್ಚುತ್ತದೆ, ತಂಬೂರಿಗೆ ಕಿವಿಗೊಟ್ಟವರಿಗೆ ಅದು ಚೆನ್ನಾಗಿಯೇ ಗೊತ್ತಾಗುತ್ತದೆ.

ಲಾಪ್ಲಾಸ್‌ನ ಆ 1.4 ಗಾಳಿಯ ಗುಣ, ಎಲ್ಲ ಅನಿಲಗಳಿಗೂ ಅದೇ ಅಲ್ಲ. ಎರಡೆರಡು ಪರಮಾಣು ಕೂಡಿದ ಅಣುಗಳಿಗೆ 1.4, ಒಂಟಿ ಪರಮಾಣುಗಳಿಗೆ 1.67. ಆದ್ದರಿಂದ ಅನುರಣನದಿಂದ ಶಬ್ದದ ವೇಗ ಅಳೆದರೆ ಅಣುವಿನ ಒಳಗುಟ್ಟು ತಿಳಿಯುತ್ತದೆ. ಜರ್ಮನಿಯ ಕುಂಟ್ 1866ರಲ್ಲಿ ಅಡ್ಡ ಮಲಗಿಸಿದ ಗಾಜಿನ ಕೊಳವೆಯೊಳಗೆ ನುಣ್ಣನೆಯ ಪುಡಿ ಹರಡಿ, ಅನುರಣನದಲ್ಲಿ ಅದು ಗುಪ್ಪೆಗುಪ್ಪೆಯಾಗುವ ಜಾಗಗಳನ್ನು ಅಳೆಯುವ ಉಪಾಯ ಕಂಡುಹಿಡಿದ. 1894ರಲ್ಲಿ ರ‍್ಯಾಲೆ ಮತ್ತು ರಾಮ್ಸೆ ಆರ್ಗಾನ್ ಪತ್ತೆ ಮಾಡಿದಾಗ ಆ ಅನಿಲ ಯಾವುದರ ಜೊತೆಗೂ ರಾಸಾಯನಿಕವಾಗಿ ಕೂಡುತ್ತಿರಲಿಲ್ಲ, ರಸಾಯನಶಾಸ್ತ್ರದ ವಿಧಾನಗಳಿಂದ ಅದರ ಅಣುವಿನ ವಿಷಯ ತಿಳಿಯುವಂತಿರಲಿಲ್ಲ. ಕುಂಟ್‌ನ ವಿಧಾನದಲ್ಲಿ ಶಬ್ದದ ವೇಗ ಅಳೆದು ನೋಡಿದರು. 1.67ಕ್ಕೆ ತೀರ ಹತ್ತಿರದ ಬೆಲೆ ಬಂತು, ಆರ್ಗಾನ್ ಒಂಟಿ ಪರಮಾಣುಗಳ ಅನಿಲ ಎಂಬ ತೀರ್ಮಾನಕ್ಕೆ ದಾರಿಯಾಯಿತು.

ಇದೇ ದಾರಿಯಲ್ಲಿ ಇನ್ನೂ ಮುಂದೆ ಹೋದವರಿದ್ದಾರೆ. ಶಬ್ದದ ವೇಗ ತಾಪವನ್ನು ಅವಲಂಬಿಸಿದ್ದರೆ, ವೇಗ ಅಳೆದು ತಾಪವನ್ನೇ ಹೇಳಬಹುದಲ್ಲ? ಅಮೆರಿಕದ ಮಾನಕ ಸಂಸ್ಥೆಯ ವಿಜ್ಞಾನಿಗಳು 1988ರಲ್ಲಿ ಸುಮಾರು ಮೂರು ಲೀಟರ್ ಹಿಡಿಯುವ ಉಕ್ಕಿನ ಗೋಳದಲ್ಲಿ ಆರ್ಗಾನ್ ತುಂಬಿ, ಅದರ ಅನುರಣನಗಳಿಂದ, ಅನಿಲದ ಒತ್ತಡ, ಗಾತ್ರ, ತಾಪಗಳ ನಂಟು ಹೇಳುವ ಅನಿಲ ಸ್ಥಿರಾಂಕವನ್ನು ಬಹಳ ನಿಖರವಾಗಿ ಅಳೆದರು. ಆಮೇಲೆ ಬೇರೆ ದೇಶಗಳಲ್ಲೂ ನಡೆದ ಇಂಥ ಅಳತೆಗಳ ಬಲದ ಮೇಲೆ, ತಾಪಕ್ಕೂ ಅಣುಗಳ ಶಕ್ತಿಗೂ ಇರುವ ನಂಟು ಹೇಳುವ ಬೋಲ್ಟ್ಸ್‌ಮನ್ ಸ್ಥಿರಾಂಕದ ಬೆಲೆ ನಿಗದಿಯಾಯಿತು. 2019ರ ಮೇ 20ರಿಂದ ತಾಪದ ಮಾನವಾದ ಕೆಲ್ವಿನ್ ಆ ಸ್ಥಿರಾಂಕದ ಮೇಲೆಯೇ ನಿಂತಿದೆ. ಆ ಗೋಳದಲ್ಲಿ ನಡೆದ ಕೆಲಸಕ್ಕೂ ಪಿಯುಸಿ ಲ್ಯಾಬಿನ ಕೊಳವೆಗೂ ಮೂಲತತ್ವ ಒಂದೇ: ಉದ್ದ ಗೊತ್ತು, ಆವೃತ್ತಿ ಗೊತ್ತು, ವೇಗ ತಿಳಿಯಿತು.

ಮನೆಯಲ್ಲೂ ಇದನ್ನು ಮಾಡಿ ನೋಡಬಹುದು. ಮಂಡ್ಯದ ಕಡೆ ಪಂಪ್‌ಸೆಟ್ ಇರುವ ಮನೆಗಳಲ್ಲಿ ತುಂಡು ಪಿವಿಸಿ ಪೈಪು ಬಿದ್ದಿರುತ್ತದೆ, ಇಲ್ಲದಿದ್ದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಕತ್ತರಿಸಿ ಕೊಡುತ್ತಾರೆ. ಒಂದೂವರೆ ಇಂಚಿನದು, 80 ಸೆಂಟಿಮೀಟರ್ ಉದ್ದ ಸಾಕು. ತುಂಬಿದ ನೀರಿನ ಡ್ರಮ್ಮಿನಲ್ಲಿ ಅದನ್ನು ಇಳಿಸಿ, ಮೊಬೈಲ್‌ನಲ್ಲಿ ಒಂದೇ ಆವೃತ್ತಿಯ ಸ್ವರ ಹೊರಡಿಸುವ ಆ್ಯಪ್ ಹಾಕಿ 512ಕ್ಕೆ ಇಟ್ಟು, ಸ್ಪೀಕರನ್ನು ಬಾಯಿ ಮುಚ್ಚದ ಹಾಗೆ ಹತ್ತಿರ ಹಿಡಿಯಿರಿ. ಸದ್ದು ಸಣ್ಣಗಿರಲಿ. ಪೈಪನ್ನು ನಿಧಾನವಾಗಿ ಮೇಲೆತ್ತುತ್ತಾ ಹೋದರೆ ಬಾಯಿಂದ ನೀರಿನವರೆಗೆ ಹದಿನಾರು ಸೆಂಟಿಮೀಟರ್ ಆದಾಗ ಒಮ್ಮೆ, ಐವತ್ತರ ಹತ್ತಿರ ಇನ್ನೊಮ್ಮೆ ಪೈಪು ಮೊರೆಯುವುದು ಕೇಳುತ್ತದೆ. ಮೊಬೈಲಿನ ಆವೃತ್ತಿ ಲ್ಯಾಬಿನ ಹಳೆಯ ಕವೆಗಿಂತ ನಿಖರ, ಅದಕ್ಕೆ ಅಂಜಬೇಕಿಲ್ಲ. ಡ್ರಮ್ಮಿನ ನೀರು ಹೊರಗಿನ ಗಾಳಿಯ ತಾಪಕ್ಕೆ ಬರುವಂತೆ ಕೆಲವು ಗಂಟೆ ಹಾಗೇ ಬಿಟ್ಟಿರಬೇಕು, ತಣ್ಣನೆಯ ನೀರಾದರೆ ಪೈಪಿನೊಳಗಿನ ಗಾಳಿಯೂ ತಣ್ಣಗಾಗಿ ಲೆಕ್ಕ ತಪ್ಪುತ್ತದೆ.

ಒಂದು ಸಲ ಮಾಡಿ ಬಿಡಬೇಡಿ. ಜನವರಿಯ ಮುಂಜಾನೆ ತಾಪ 15 ಡಿಗ್ರಿ ಇರುವಾಗ ಮಾಡಿ, ಎರಡು ಮಟ್ಟಗಳ ಅಂತರ ಬರೆದಿಡಿ. 33.2 ಸೆಂಟಿಮೀಟರಿನ ಆಸುಪಾಸು ಬರಬೇಕು. ಏಪ್ರಿಲ್‌ನ ಮಧ್ಯಾಹ್ನ 35 ಡಿಗ್ರಿ ಮುಟ್ಟಿದಾಗ ಅದೇ ಪೈಪು, ಅದೇ ಮೊಬೈಲ್ ಇಟ್ಟುಕೊಂಡು ಮತ್ತೆ ಅಳೆಯಿರಿ. ಈಗ ಅಂತರ 34.4ರ ಹತ್ತಿರ ಇರುತ್ತದೆ, ತೇವವನ್ನೂ ಸೇರಿಸಿಕೊಂಡರೆ ಇನ್ನೂ ತುಸು ಹೆಚ್ಚು. ಮಕ್ಕಳ ಜಾಮಿಟ್ರಿ ಬಾಕ್ಸಿನ ಸ್ಕೇಲಿನಲ್ಲೇ ಓದಬಹುದಾದ ವ್ಯತ್ಯಾಸ ಅದು.